ಅಓರೀತಾ ಎಂದ ಡಾಕ್ಟ್ರಮ್ಮ

…ಹಾಗಂತ ಅವರಿಗೆ ಸ್ಕ್ಯಾನ್ ಓದಲು ಬರುತ್ತಿರಲಿಲ್ಲ ಎಂದು ಮಾತ್ರ ಹೇಳಬೇಡಿ, ಅದೊಂದನ್ನು ನಾನು ಒಪ್ಪುವುದಿಲ್ಲ. ನಮ್ಮ ಸಾಂತಿಯಾಗೊದಲ್ಲಿ ಡಾಕ್ಟರ್ ಮೈಗುವಾಲಿದಾ ಚಿರಿನೋಸ್ ಅವರ ಕೆಲಸ ಹೋದದ್ದು ಕಣ್ಣಿನ ತಪ್ಪಿಗಲ್ಲ, ಬಾಯಿಯ ತಪ್ಪಿಗೆ. ಅದೂ ಒಂದೇ ಒಂದು ಪದಕ್ಕೆ. ಆ ಪದವನ್ನು ದೊಮಿನಿಕನ್ನರಾದ ನಾವು ದಿನಕ್ಕೆ ನೂರು ಸಲ ಹೇಳುತ್ತೇವೆ, ಅವರ ವೆನೆಜುವೆಲಾದಲ್ಲೂ ನೂರು ಸಲ ಹೇಳುತ್ತಾರೆ. ಉಚ್ಚಾರ ಒಂದೇ. ಅರ್ಥ ಮಾತ್ರ ಸಮುದ್ರ ದಾಟುವಾಗ ತಲೆಕೆಳಗಾಗಿಬಿಟ್ಟಿದೆ.

ಮೊದಲಿಂದಲೇ ಹೇಳುತ್ತೇನೆ, ಇಲ್ಲದಿದ್ದರೆ ನೀವೂ ಆಸ್ಪತ್ರೆಯ ಗೇಟಿನಲ್ಲಿ ನಿಂತು ಮಾತಾಡುವವರ ಹಾಗೆ ಅರ್ಧ ಕೇಳಿಕೊಂಡು ಹೋಗುತ್ತೀರಿ.

ನಾನು ಅವರ ಜೊತೆ ಸ್ಕ್ಯಾನ್ ಮಶೀನು ನಡೆಸುತ್ತಿದ್ದವಳು. ಹೆಸರು ಯೊಕಾಸ್ತಾ, ಅವರ ಬಾಯಲ್ಲಿ ಯೊಕಾ. ಅವರಿಗೆ ಐವತ್ತೊಂದು ವರ್ಷ. ಕುಳ್ಳಗಿದ್ದಾರೆ, ಕನ್ನಡಕ ಯಾವಾಗಲೂ ದಾರದಲ್ಲಿ ಎದೆಯ ಮೇಲೆ ತೂಗುತ್ತಿರುತ್ತದೆ. ಹೊರಗೆ ಮೈ ಸುಡುವ ಬಿಸಿಲಿದ್ದರೂ ಉಣ್ಣೆ ಸ್ವೆಟರ್ ಹಾಕಿಕೊಂಡೇ ಬರುತ್ತಾರೆ, ಯಾಕೆಂದರೆ ಮಶೀನಿಗೆ ಎಸಿ ಬೇಕು ಮತ್ತು ನಾವು ಆ ಎಸಿಯಲ್ಲೇ ಬದುಕಬೇಕು. ಅವರ ಊರು ಕೋರೊದ ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಎಮರ್ಜೆನ್ಸಿಯ ಚಿತ್ರಗಳನ್ನು ಓದಿದವರು. ಬೇರೆ ರೇಡಿಯಾಲಜಿಸ್ಟ್‌ಗಳು ನಿನ್ನೆ ತೆಗೆದ ಚಿತ್ರವನ್ನು ಇವತ್ತು ಕಾಫಿ ಕುಡಿಯುತ್ತಾ ನೋಡುತ್ತಾರಲ್ಲ, ಹಾಗಲ್ಲ ಇದು. ರೋಗಿ ಇನ್ನೂ ಮೇಜಿನ ಮೇಲೆ ನರಳುತ್ತಿರುವಾಗಲೇ ಒಳಗೆ ಏನು ಮುರಿದಿದೆ, ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡಬೇಕು. ಅವರು ಹೇಳಿದ ಮೇಲೆಯೇ ಸರ್ಜನ್ ಚಾಕು ಎತ್ತುವುದು.

"ನಾವು ಜನರ ಮುಖ ನೋಡೋದೇ ಇಲ್ಲ ನೋಡು ಯೊಕಾ," ಅಂತಿದ್ದರು. "ಇಡೀ ದಿನ ಜನರ ಒಳಗಡೆ ಓಡಾಡ್ತೀವಿ, ದಾರೀಲಿ ಸಿಕ್ರೆ ಗುರ್ತೇ ಸಿಗಲ್ಲ."

ಅಂಥವರು ಇಲ್ಲಿಗೆ ಬಂದು ಮಾಡಿದ ಮೊದಲ ಕೆಲಸ ಟೈಪಿಂಗು! ಹೊರದೇಶದ ಡಾಕ್ಟರಿಗೆ ರಾಜಧಾನಿಯಿಂದ ಪರವಾನಗಿ ಬರಬೇಕು, ಬರುವ ತನಕ ರೋಗಿಯನ್ನು ಮುಟ್ಟುವ ಹಾಗಿಲ್ಲ, ವರದಿಗೆ ಸಹಿ ಹಾಕುವ ಹಾಗಿಲ್ಲ. ಆ ಕಾಗದ ಬರಲು ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ಮಾರ್ಕೆಟ್ ಬೀದಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎಲಾದಿಯೊ ಎಂಬ ಮುದಿ ಡಾಕ್ಟರ್ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಕಿವಿಗೆ ಸಿಕ್ಕಿಸಿಕೊಂಡು ಟೈಪ್ ಮಾಡುತ್ತಾ ಕೂತಿದ್ದರು. ಎಲಾದಿಯೊ ಒಳ್ಳೆಯವರೇ, ಆದರೆ ಕಣ್ಣಿಗೆ ಪೊರೆ ಬಂದಿತ್ತು. ಒಂದು ದಿನ ಟೈಪಾದ ವರದಿಯ ಜೊತೆ ಒಂದು ಹಳದಿ ಚೀಟಿ ಹೋಯಿತು.

"ಏನಮ್ಮಾ ಇದು, ಹಳದಿ ಚೀಟಿ?"

"ಏನಿಲ್ಲ ಡಾಕ್ಟ್ರೇ. ಟೈಪ್ ಮಾಡೋವಾಗ ಕೈ ತಡೀತು. ಎಡಗಡೆ ಐದನೇ ಪಕ್ಕೆಲುಬು ಇನ್ನೊಂದ್ಸಲ ನೋಡ್ತೀರೇನೋ ಅಂತ."

"ಟೈಪಿಸ್ಟ್ ಕೈಗೆ ಪಕ್ಕೆಲುಬು ಗೊತ್ತಾಗತ್ತಾ?"

"ಇಪ್ಪತ್ತೆರಡು ವರ್ಷ ಹಳೇ ಕೈ ಡಾಕ್ಟ್ರೇ. ಸ್ವಲ್ಪ ಗೊತ್ತಾಗತ್ತೆ."

ಎಲಾದಿಯೊ ಮತ್ತೆ ನೋಡಿದರು. ಪಕ್ಕೆಲುಬು ಬಿರುಕು ಬಿಟ್ಟಿತ್ತು. ಆಮೇಲೆ ವಾರಕ್ಕೆ ಎರಡೋ ಮೂರೋ ಹಳದಿ ಚೀಟಿ ಹೋಗುತ್ತಿದ್ದವು, ಇಬ್ಬರೂ ಅದರ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ಪರವಾನಗಿ ಬಂದಾಗ ಅವರೇ ಒಂದು ಶಿಫಾರಸು ಪತ್ರ ಬರೆದುಕೊಟ್ಟರು. ನಾನದನ್ನು ಓದಿದ್ದೇನೆ, ಎರಡೇ ಸಾಲು: "ಈಕೆ ನನ್ನ ವರದಿ ಟೈಪ್ ಮಾಡಲು ಶುರು ಮಾಡಿದ ಮೇಲೆ ನಾನು ತಪ್ಪು ಹೇಳುವುದು ಕಡಿಮೆಯಾಗಿದೆ. ಇದಕ್ಕಿಂತ ಹೆಚ್ಚು ನನಗೆ ಬರೆಯಲು ನಾಚಿಕೆ."

ಕಾಗದ ಬಂದರೆ ಕೆಲಸ ಬಂದ ಹಾಗಲ್ಲ. ಮೊದಲು ಹೋದ ಕಡೆ ನಲವತ್ತರ ಒಳಗಿನವರು ಬೇಕು ಎಂದರು. ಎರಡನೆಯ ಕಡೆ ಡಾಕ್ಟರೇ ಬೇಡವಾಗಿತ್ತು. ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ರಾಜಧಾನಿಗೆ ಹೋಗುತ್ತವೆ, ಅಲ್ಲಿ ಯಾರೋ ಮನೆಯಲ್ಲಿ ಕೂತು ಓದುತ್ತಾರೆ, ಇಲ್ಲಿ ಬರೀ ಸಹಿಗೆ ಒಬ್ಬರು ಸಾಕು, ವಾರಕ್ಕೊಮ್ಮೆ ಬಂದು ಸಹಿ ಹಾಕಿ ಹೋಗ್ತೀರಾ ಎಂದು ಕೇಳಿದರಂತೆ.

"ಸಹಿ ಹಾಕೋಕೆ ನನ್ನ ಕಣ್ಣು ಯಾಕೆ? ಪೆನ್ನು ಸಾಕಲ್ಲ. ನಿಮ್ಮತ್ರ ಪೆನ್ನಿಲ್ವಾ?" ಎಂದು ಎದ್ದು ಬಂದರಂತೆ. ಇದನ್ನು ಹೇಳುವಾಗ ಅವರು ನಗುತ್ತಿದ್ದರು, ಆದರೆ ಆ ದಿನ ಮನೆಗೆ ಹೋಗಿ ಏನೂ ತಿನ್ನದೆ ಮಲಗಿದರು ಎಂಬುದೂ ನನಗೆ ಗೊತ್ತು.

ಆಮೇಲೆ ನಮ್ಮ ಆಸ್ಪತ್ರೆ. ನಮ್ಮಲ್ಲಿ ಎಮರ್ಜೆನ್ಸಿ ಅಂದರೆ ಬೈಕು. ಬೈಕಿನಿಂದ ಬಿದ್ದವರು, ಬೈಕಿಗೆ ಸಿಕ್ಕವರು, ಒಂದೇ ಬೈಕಿನಲ್ಲಿ ನಾಲ್ಕು ಜನ ಗ್ಯಾಸ್ ಸಿಲಿಂಡರ್ ಸಮೇತ ಕೂತಿದ್ದವರು. ಮ್ಯಾನೇಜರ್ ನೂರಿಸ್ ಮೇಡಂ ಅವರ ಮುಂದೆ ಮೂರು ಸ್ಕ್ಯಾನ್ ಇಟ್ಟು ಹತ್ತು ನಿಮಿಷ ಕೊಟ್ಟರು. ನಮ್ಮ ಡಾಕ್ಟ್ರಮ್ಮ ಆರು ನಿಮಿಷಕ್ಕೆ ಮುಗಿಸಿ, "ಮೂರನೇದು ಯಾರದು? ಇವರಿಗೆ ಹೊಟ್ಟೇಲಿ ಗಡ್ಡೆ ಇದೆ ಅಂತ ಯಾರಾದ್ರೂ ಹೇಳಿದಾರಾ?" ಎಂದು ಕೇಳಿದರು. ಯಾರೂ ಹೇಳಿರಲಿಲ್ಲ.

"ಮೂರು ತಿಂಗಳು ನೋಡ್ತೀವಿ ಡಾಕ್ಟ್ರೇ," ಎಂದರು ನೂರಿಸ್. "ತೊಂಬತ್ತು ದಿನ. ಅದು ದಾಟಿದ್ರೆ ಖಾಯಂ."

ಈ ತೊಂಬತ್ತು ದಿನ ಅವರಿಗೆ ಏನಾಗಿತ್ತು ಎಂದು ನಿಮಗೆ ಹೇಗೆ ಹೇಳಲಿ! ಆ ಊರು ಬಿಟ್ಟು ಬಂದ ಮೇಲೆ ಮೊದಲ ಸಲ ಅವರನ್ನು ಯಾರೋ ಅವರ ಹೆಸರಿನ ಹಿಂದೆ ಡಾಕ್ಟರ್ ಸೇರಿಸಿ ಕರೆಯುತ್ತಿದ್ದರು. ಸ್ಕ್ಯಾನ್ ಕೋಣೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಬೆಳಿಗ್ಗೆ ಒಂದು ಅಂಕಿಯನ್ನು ಪೆನ್ಸಿಲಿನಿಂದ ಮೆಲ್ಲಗೆ ಹೊಡೆದುಹಾಕುತ್ತಿದ್ದರು, ಯಾರೂ ನೋಡದಿರಲಿ ಎಂಬಂತೆ.

ಈಗ ಆ ಪದ. ಅವರು ಬಂದ ಮೊದಲ ವಾರವೇ ಅದು ನಮಗೆಲ್ಲ ಗೊತ್ತಾಗಿತ್ತು, ಅದೇ ನನ್ನ ಹೊಟ್ಟೆ ಉರಿಸುವ ಸಂಗತಿ. ಗೇಟಿನ ಬಳಿ ಥರ್ಮಾಸ್ ಇಟ್ಟುಕೊಂಡು ಕಾಫಿ ಮಾರುವ ದೊನ್ಯಾ ಫೆಫಾಗೆ ಡಾಕ್ಟ್ರಮ್ಮ ಕಿಟಕಿಯಿಂದ ಕೂಗಿ, "ದೊನ್ಯಾ, ನಂಗೊಂದು ಕಾಫಿ, ಅಓರೀತಾ!" ಎಂದರು. ಕಾಫಿ ಬಂದದ್ದು ಒಂದೂವರೆ ಗಂಟೆ ಬಿಟ್ಟು.

"ಏನ್ ದೊನ್ಯಾ, ಕಾಫಿ ಗಿಡ ನೆಡೋಕೆ ಹೋಗಿದ್ರಾ?"

"ಅಯ್ಯೋ, ನೀವೇ ಅಲ್ವೇನಮ್ಮಾ ಆಮೇಲೆ ತಗೊಂಬಾ ಅಂದಿದ್ದು?"

"ಈಗಿಂದೀಗ್ಲೇ ಅಂದೆ!"

"ಅಓರೀತಾ ಅಂದ್ರಿ."

"ಹೂಂ, ಅಓರೀತಾ. ಅಂದ್ರೆ ಈಗ್ಲೇ."

ದೊನ್ಯಾ ಫೆಫಾ ಥರ್ಮಾಸ್ ಕೆಳಗಿಟ್ಟು ನಗಲು ಶುರು ಮಾಡಿದಳು. "ನನ್ ಕಂದಾ, ನಿಮ್ ಊರಲ್ಲಿ ಹಂಗಿರಬೋದು. ಇಲ್ಲಿ ಅಓರೀತಾ ಅಂದ್ರೆ ಆಮೇಲೆ, ನಿಧಾನಕ್ಕೆ, ಸಂಜೆ ಒಳಗೆ ಆದ್ರೆ ಪುಣ್ಯ. ನನ್ ಗಂಡ ಮನೆ ಶೀಟು ಅಓರೀತಾ ಹಾಕಿಸ್ತೀನಿ ಅಂದು ಏಳು ವರ್ಷ ಆಯ್ತು, ಮಳೆ ಬಂದ್ರೆ ಮಂಚ ಎಳ್ಕೊಂಡು ಓಡಾಡ್ತೀನಿ."

ಇಡೀ ಕೋಣೆ ನಕ್ಕಿತು, ನಾನೂ ನಕ್ಕೆ. ಡಾಕ್ಟ್ರಮ್ಮ ಮಾತ್ರ ನಕ್ಕು ಮುಗಿಸಿದ ಮೇಲೆ ಒಂದು ತುಂಡು ಪ್ಲಾಸ್ಟರ್ ಹರಿದು, ಅದರ ಮೇಲೆ ನಮ್ಮ ಕಡೆ 'ಈಗಲೇ' ಎಂಬುದಕ್ಕೆ ಹೇಳುವ ಪುಟ್ಟ ಪದ 'ಯಾ' ಎಂದು ದೊಡ್ಡದಾಗಿ ಬರೆದು ಟೆಲಿಫೋನಿನ ಹಿಡಿಗೆ ಅಂಟಿಸಿದರು. ಫೋನ್ ಎತ್ತಿದಾಗಲೆಲ್ಲ ಕಣ್ಣಿಗೆ ಬೀಳಲಿ ಅಂತ. ಅಷ್ಟು ಜಾಗ್ರತೆಯ ಮನುಷ್ಯರು. ಆ ನಗು ನಮ್ಮ ಕೋಣೆ ದಾಟಿ ಹೋಗಲಿಲ್ಲ. ಮಹಡಿಯ ಆಪರೇಷನ್ ಥಿಯೇಟರಿಗೆ ಅದನ್ನು ತಲುಪಿಸಬೇಕು ಎಂದು ನಮ್ಮ ಯಾರಿಗೂ ಹೊಳೆಯಲಿಲ್ಲ.

ಎಪ್ಪತ್ತನಾಲ್ಕನೆಯ ದಿನ ಭಾನುವಾರವಾಗಿತ್ತು. ಭಾನುವಾರ ಮಧ್ಯಾಹ್ನ ಅಂದರೆ ಜನ ಹೊಳೆಯಲ್ಲಿ ಈಜಿ, ಕುಡಿದು, ಒದ್ದೆ ಬಟ್ಟೆಯಲ್ಲೇ ಬೈಕು ಹತ್ತಿ ಬರುವ ಹೊತ್ತು. ಒಂದು ಪಿಕಪ್ ಪಲ್ಟಿಯಾಗಿ ಐದು ಜನ ಒಟ್ಟಿಗೆ ಬಂದಿದ್ದರು, ಎಮರ್ಜೆನ್ಸಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಅದರ ನಡುವೆ ತನ್ನ ಕಾಲಲ್ಲೇ ನಡೆದುಕೊಂಡು ಬಂದವನು ರದಾಮೆಸ್. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ನಿಂತು ಬೈಕಿನ ಹಿಂದೆ ಜನರನ್ನು ಕೂರಿಸಿಕೊಂಡು ಬಾಡಿಗೆ ಹೊಡೆಯುವವನು, ನಲವತ್ತರ ಆಸುಪಾಸು. ನಾಯಿ ಅಡ್ಡ ಬಂದು ಬಿದ್ದಿದ್ದ. ಹ್ಯಾಂಡಲ್ ಹೊಟ್ಟೆಗೆ ತಿವಿದಿತ್ತು. ಜೊತೆಗೆ ಹೆಂಡತಿ ಮೀರ್ತಾ.

ಮಶೀನಿನ ಮೇಲೆ ಮಲಗುತ್ತಲೇ ಅವನ ಬಾಯಿ ಶುರು. "ಡಾಕ್ಟ್ರಮ್ಮಾ, ಒಳಗಡೆ ಏನಾದ್ರೂ ಒಳ್ಳೇದು ಸಿಕ್ರೆ ಸ್ವಲ್ಪ ಹೇಳಿ. ನನ್ ಹೆಂಡ್ತಿ ಹದಿನೆಂಟು ವರ್ಷದಿಂದ ಹುಡುಕ್ತಿದಾಳೆ."

"ನೋಡಿ ಡಾಕ್ಟ್ರಮ್ಮಾ," ಎಂದಳು ಮೀರ್ತಾ ಬಾಗಿಲಲ್ಲಿ ನಿಂತು, "ಮೈಯೆಲ್ಲಾ ತರಚಿದೆ, ಬಾಯಿಗೊಂದು ಏನೂ ಆಗಿಲ್ಲ."

ರಕ್ತನಾಳಕ್ಕೆ ಚಿತ್ರದಲ್ಲಿ ಬೆಳ್ಳಗೆ ಕಾಣುವ ಡೈ ಹೋಯಿತು, ಚಿತ್ರಗಳು ಒಂದೊಂದಾಗಿ ಬಂದವು. ಡಾಕ್ಟ್ರಮ್ಮ ಕನ್ನಡಕ ಏರಿಸಿದರು. ನನ್ನ ಕಣ್ಣಿಗೂ ಕಂಡಿತು, ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮ, ಅದೇ ಸ್ಪ್ಲೀನು, ಹರಿದಿತ್ತು, ಹರಿದ ಜಾಗದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ. ಡೈ ನಾಳದೊಳಗೆ ಇರದೆ ಹೊರಗೆ ಚೆಲ್ಲುತ್ತಿದೆ ಅಂದರೆ ರಕ್ತವೂ ಚೆಲ್ಲುತ್ತಿದೆ.

ಟೆಲಿಫೋನ್ ಎತ್ತಿದರು. ಲೈನು ಸಿಗಲಿಲ್ಲ, ಪಿಕಪ್ಪಿನವರಿಗಾಗಿ ಎಮರ್ಜೆನ್ಸಿಯವರು ರಕ್ತನಿಧಿಯ ಜೊತೆ ಮಾತಾಡುತ್ತಲೇ ಇದ್ದರು. ಡಾಕ್ಟ್ರಮ್ಮ ಸ್ವೆಟರಿನ ಜೇಬಿನಿಂದ ತಮ್ಮ ಮೊಬೈಲ್ ತೆಗೆದರು. ಆ ಮೊಬೈಲಿಗೆ ಪ್ಲಾಸ್ಟರ್ ಅಂಟಿಸಿರಲಿಲ್ಲ.

ಮೇಲೆ ಸರ್ಜನ್ ವಾಸ್ಕಾರ್ ಪೊಲಾಂಕೊ ಅಪೆಂಡಿಕ್ಸ್ ತೆಗೆಯುತ್ತಿದ್ದರು. ನರ್ಸ್ ಫೋನನ್ನು ಅವರ ಕಿವಿಗೆ ಹಿಡಿದಳು. ಇಲ್ಲಿ ಸ್ಪೀಕರ್ ಹಾಕಿದ್ದರಿಂದ ನನಗೂ ಎಲ್ಲ ಕೇಳುತ್ತಿತ್ತು, ಮೇಲೆ ರಕ್ತ ಹೀರುವ ಕೊಳವೆಯ ಸೊರಸೊರ ಸದ್ದಿನ ಸಮೇತ.

"ವಾಸ್ಕಾರ್, ಇಲ್ಲೊಬ್ರಿಗೆ ಗುಲ್ಮ ಹರಿದಿದೆ."

"ಮನುಷ್ಯ ಹೇಗಿದಾನೆ?"

"ಮಾತಾಡ್ತಿದಾನೆ, ತಮಾಷೆ ಮಾಡ್ತಿದಾನೆ. ಆದ್ರೆ ಸೋರ್ತಿದೆ, ಸಣ್ಣದೇ, ತಾನಾಗಿ ನಿಲ್ಲೋದಲ್ಲ. ಅಓರೀತಾ ಒಳಗೆ ತಗೋಬೇಕು."

"ಆಯ್ತು. ಇದು ಮುಗಿಸ್ತೀನಿ, ಅಓರೀತಾ ತಗೋತೀನಿ."

"ಸರಿ. ಅಓರೀತಾ."

ಮೂರು ಸಲ! ಇಬ್ಬರೂ ಒಂದೇ ಪದವನ್ನು ಒಬ್ಬರಿಗೊಬ್ಬರು ಖಚಿತ ಮಾಡಿಕೊಂಡು, ಇಬ್ಬರೂ ನೆಮ್ಮದಿಯಿಂದ ಫೋನ್ ಇಟ್ಟರು. ಡಾಕ್ಟ್ರಮ್ಮ ಹೊರಗೆ ಹೋಗಿ ಮೀರ್ತಾಗೂ ಅದನ್ನೇ ಹೇಳಿದರು, ಹೆದರ್ಕೋಬೇಡಮ್ಮ, ಅಓರೀತಾ ಮೇಲಕ್ಕೆ ಕರ್ಕೊಂಡು ಹೋಗ್ತಾರೆ ಅಂತ. ಒಳಗೆ ಬಂದು 'ತುರ್ತು' ಎಂದು ಕೆಂಪಕ್ಷರದಲ್ಲಿ ವರದಿ ಟೈಪ್ ಮಾಡಿ ಕಂಪ್ಯೂಟರಿನಲ್ಲಿ ಕಳಿಸಿದರು. ಕೈಯಲ್ಲಿ ಚಾಕು ಹಿಡಿದವರು ಕಂಪ್ಯೂಟರ್ ನೋಡುತ್ತಾರಾ? ಆಮೇಲೆ ಪಿಕಪ್ಪಿನವರ ತಲೆ, ಕತ್ತು, ಸೊಂಟ, ಒಂದರ ಹಿಂದೊಂದು ಚಿತ್ರ.

ಮತ್ತೆ ನಾನು? ನನ್ನ ಕಿವಿ ಇಲ್ಲಿಯದು. ಅಓರೀತಾ ಎಂದು ಕೇಳಿ, ಓ, ಅಷ್ಟು ಅವಸರವೇನಿಲ್ಲ ಬಿಡು ಎಂದುಕೊಂಡು ಮುಂದಿನ ರೋಗಿಗೆ ಹಾಸಿಗೆ ಸರಿಮಾಡಿದೆ. ಕಾಫಿಯ ನಗು ಆ ಕ್ಷಣ ನನಗೆ ನೆನಪಾಗಲೇ ಇಲ್ಲ.

ಕರೆ ಮಾಡಿದ್ದು ಎರಡಕ್ಕೆ ಹತ್ತು ನಿಮಿಷ ಇದ್ದಾಗ. ಎರಡೂ ಮುಕ್ಕಾಲಿಗೆ ಡಾಕ್ಟ್ರಮ್ಮ ನೀರು ಕುಡಿಯಲು ಹೊರಗೆ ಬಂದರು. ಮೊಗಸಾಲೆಯಲ್ಲಿ ಅದೇ ಸ್ಟ್ರೆಚರ್ ಅದೇ ಜಾಗದಲ್ಲಿತ್ತು. ಅದರ ಮೇಲೆ ರದಾಮೆಸ್. ಅವನು ತಮಾಷೆ ಮಾಡುತ್ತಿರಲಿಲ್ಲ. ತುಟಿ ಬೂದಿ ಬಣ್ಣವಾಗಿತ್ತು, ಹಣೆಯ ಮೇಲೆ ತಣ್ಣನೆಯ ಬೆವರು. ಪಕ್ಕದಲ್ಲಿ ಮೀರ್ತಾ ಖಾಲಿ ಲೋಟ ಹಿಡಿದು ಕೂತಿದ್ದಳು.

"ನಿದ್ದೆ ಬಂತು ಅನ್ಸತ್ತೆ ಡಾಕ್ಟ್ರಮ್ಮಾ. ಬಾಯಾರಿಕೆ ಅಂದ್ರು, ಹೇಗೂ ಟೈಮ್ ಇದ್ಯಲ್ಲಾ ಅಂತ ಒಂದು ಲೋಟ ಹಣ್ಣಿನ ಜ್ಯೂಸ್ ಕುಡ್ಸಿದೆ."

ಡಾಕ್ಟ್ರಮ್ಮ ಅವನ ಮಣಿಕಟ್ಟು ಹಿಡಿದರು, ಬಿಟ್ಟರು. ನಾನು ಅವರು ಓಡಿದ್ದನ್ನು ಅವತ್ತೊಂದೇ ದಿನ ನೋಡಿದ್ದು. ಮೆಟ್ಟಿಲು ಹತ್ತುತ್ತಾ "ಯಾ! ಯಾ! ಯಾ!" ಎಂದು ಕೂಗುತ್ತಿದ್ದರು. ಪೊಲಾಂಕೊ ಅಪೆಂಡಿಕ್ಸ್ ಮುಗಿಸಿ, ಪಿಕಪ್ಪಿನವನೊಬ್ಬನ ಎದೆಗೆ ಕೊಳವೆ ಹಾಕಿ, ಇನ್ನೊಬ್ಬನ ತೋಳು ಹೊಲಿಯುತ್ತಿದ್ದರು. ಪಾಪ, ಅವರೂ ಸುಮ್ಮನೆ ಕೂತಿರಲಿಲ್ಲ.

ರದಾಮೆಸ್ ಉಳಿದ. ಗುಲ್ಮ ತೆಗೆದರು, ಐದು ಬಾಟಲಿ ರಕ್ತ ಏರಿಸಿದರು. ಆದರೆ ಅರಿವಳಿಕೆ ಕೊಡುವಾಗ ಕುಡಿದಿದ್ದ ಜ್ಯೂಸ್ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಿತು. ಅದು ಕೀವಾಯಿತು. ಹತ್ತೊಂಬತ್ತು ದಿನ ಅವನ ಬದಲು ಮಶೀನು ಉಸಿರಾಡಿತು.

ಬುಧವಾರ ವಿಚಾರಣೆ. ಹಿಂದಿನ ದಿನ ಸಂಜೆ ನಾನು ಡಾಕ್ಟ್ರಮ್ಮನ ಹತ್ತಿರ ಹೋಗಿ, ನಾನು ಬೇಕಾದರೆ 'ಈಗಲೇ' ಅಂದದ್ದು ಕೇಳಿಸಿತು ಎಂದು ಹೇಳುತ್ತೇನೆ ಅಂದೆ. ಅವರು ಕನ್ನಡಕದ ದಾರ ಸರಿಮಾಡಿಕೊಳ್ಳುತ್ತಾ ನನ್ನನ್ನೇ ನೋಡಿದರು.

"ಯೊಕಾ, ಚಿತ್ರದಲ್ಲಿ ಇಲ್ದೇ ಇರೋದನ್ನ ವರದೀಲಿ ಬರೀತೀವಾ?"

"ಇಲ್ಲ."

"ಹಂಗಾದ್ರೆ ಹೇಳಿದ್ದನ್ನ ಹೇಳು. ಸಾಕು."

ನೂರಿಸ್ ಮೇಡಂ ಮೇಜಿನ ಆ ಕಡೆ, ಪೊಲಾಂಕೊ ಈ ಕಡೆ. ಪೊಲಾಂಕೊ ಪ್ರಾಮಾಣಿಕವಾಗಿಯೇ ಮಾತಾಡಿದರು. "ಸೋರ್ತಿದೆ ಅಂದಿದ್ದು ಕೇಳಿಸ್ತು, ಸಣ್ಣದು ಅಂದಿದ್ದೂ ಕೇಳಿಸ್ತು. ನಿಲ್ಲೋದಲ್ಲ ಅಂದಿದ್ರಂತೆ, ಅದು ಕೇಳಿಸ್ಲಿಲ್ಲ. ಆದ್ರೆ ಅಓರೀತಾ ಅಂತ ಮೂರು ಸಲ ಆಯ್ತು. ನಾನು ಹುಟ್ಟಿದಾಗಿಂದ ಅದಕ್ಕೆ ಒಂದೇ ಅರ್ಥ ಮೇಡಂ."

ನೂರಿಸ್ ನನ್ನ ಕಡೆ ತಿರುಗಿದರು. "ನೀನು ಪಕ್ಕದಲ್ಲೇ ಇದ್ಯಲ್ಲಾ. ಏನ್ ಕೇಳಿಸ್ತು?"

"ಅಓರೀತಾ."

"ಏನ್ ಅರ್ಥ ಆಯ್ತು?"

ನಾನು ಡಾಕ್ಟ್ರಮ್ಮನ ಕಡೆ ನೋಡಿದೆ.

"ಹೇಳಮ್ಮಾ."

"ಆಮೇಲೆ ಅಂತ," ಎಂದೆ. ಆ ಮಾತು ನನ್ನ ಬಾಯಿಂದ ಬಿದ್ದ ಮೇಲೆ ಮಿಕ್ಕಿದ್ದೆಲ್ಲ ಬರೀ ಕಾಗದದ ಕೆಲಸ.

ಕೆಂಪಕ್ಷರದ ವರದಿ ಅವರ ಪರವಾನಗಿಯನ್ನು ಉಳಿಸಿತು, ಯಾಕೆಂದರೆ ಅದರಲ್ಲಿ ತುರ್ತು ಎಂದು ಗಂಟೆ ನಿಮಿಷದ ಸಮೇತ ಇತ್ತು. ಕೆಲಸವನ್ನು ಉಳಿಸಲಿಲ್ಲ. ನೂರಿಸ್ ಕೊನೆಗೆ, ನಿಮ್ಮ ಕಡೆಯಿಂದ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಡಾಕ್ಟ್ರಮ್ಮ ಹೇಳಿದ್ದಿಷ್ಟೇ: "ವಾಸ್ಕಾರ್ ತಪ್ಪು ಕೇಳಿಸ್ಕೊಂಡ್ರು ಅಂತ ಬರೀಬೇಡಿ. ಕೇಳೋರಿಗೆ ಅರ್ಥ ಆಗೋ ಹಾಗೆ ಹೇಳೋದು ನನ್ ಕೆಲಸ. ನಂಗೆ ಆ ಪದ ಇಲ್ಲಿ ನಡೆಯಲ್ಲ ಅಂತ ಗೊತ್ತಿತ್ತು. ಅವಸರದಲ್ಲಿ ನಮ್ಮ ಮನೆ ಭಾಷೆ ಬಾಯಿಗೆ ಬಂತು."

ಎಂಬತ್ತಮೂರನೆಯ ದಿನ, ನೀವು ಇನ್ನು ಕೆಲಸಕ್ಕೆ ಬೇಡ ಎಂದರು. ಹೋಗುವಾಗ ಅವರು ಟೆಲಿಫೋನಿನ ಹಿಡಿಯಿಂದ ಆ ಪ್ಲಾಸ್ಟರನ್ನು ಕಿತ್ತು ಸ್ವೆಟರಿನ ಜೇಬಿಗೆ ಹಾಕಿಕೊಂಡರು. ಕ್ಯಾಲೆಂಡರನ್ನು ನಾನು ಇನ್ನೂ ತೆಗೆದಿಲ್ಲ.

ರದಾಮೆಸ್‌ನನ್ನು ನೋಡಲು ಅವರು ಪ್ರತಿದಿನ ಬರುತ್ತಿದ್ದರು, ಸಂದರ್ಶಕರ ಸಾಲಿನಲ್ಲಿ ನಿಂತು. ಮಶೀನು ತೆಗೆದ ಮೇಲೆ ಅವನ ದನಿ ಸಣ್ಣಗಾಗಿತ್ತು, ಬಾಯಿ ಮಾತ್ರ ಅದೇ.

"ಡಾಕ್ಟ್ರಮ್ಮಾ, ನಿಮ್ ಮೇಲೆ ನಂಗೆ ಸಿಟ್ಟಿಲ್ಲ. ಈ ಪದಕ್ಕೆ ನಂಗೂ ನನ್ ಹೆಂಡ್ತಿಗೂ ದಿನಾ ಜಗಳ. ಮೊದ್ಲ ಸಲ ನಾನಲ್ದೇ ಬೇರೆಯೋರು ಹೇಳಿ ಸಿಕ್ಕಾಕೊಂಡಿದಾರೆ."

ಮೀರ್ತಾ ನಗಲಿಲ್ಲ. ಎದ್ದು ಹೊರಗೆ ಹೋದಳು. ಡಾಕ್ಟ್ರಮ್ಮ ಹಿಂದೆಯೇ ಹೋದರು, ನಾನೂ.

"ನಂಜೊತೆ ಮಾತಾಡ್ಬೇಡಿ," ಎಂದಳು ಮೀರ್ತಾ ಗೋಡೆಯ ಕಡೆ ಮುಖ ಮಾಡಿ. "ಗುಲ್ಮ ಹೋಗಿದ್ದು ಹೋಯ್ತು, ನಾಯಿದು ತಪ್ಪು. ಆ ಜ್ಯೂಸ್ ಕುಡ್ಸಿದ್ದು ಯಾರು? ನಾನು. ಹತ್ತೊಂಬತ್ತು ದಿನ ಆ ಪೈಪ್ ನೋಡ್ಕೊಂಡು ಕೂತಿದ್ದು ಯಾರು? ನಾನು. ನೀವು ಯಾಕಮ್ಮಾ ನಂಗೆ ಟೈಮ್ ಇದೆ ಅಂದ್ರಿ?"

"ಆ ಲೋಟ ನಿಮ್ದಲ್ಲ ಮೀರ್ತಾ," ಎಂದರು ಡಾಕ್ಟ್ರಮ್ಮ. "ಅದು ನಂದು. ಏನೂ ಕೊಡ್ಬೇಡಿ ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಹಂಗೆ ಹೇಳಿದ್ರೆ ನಂಗೆ ರಾತ್ರಿ ನಿದ್ದೆ ಬರತ್ತಾ?"

"ಇಲ್ಲ. ನಂಗೂ ಬರಲ್ಲ."

ಅಲ್ಲಿಗೆ ಮಾತು ಮುಗಿಯಿತು. ಮೀರ್ತಾ ಅವತ್ತಿಂದ ಅವರ ಜೊತೆ ಒಂದು ಮಾತೂ ಆಡಿಲ್ಲ.

ಆಮೇಲಿನ ಐದು ತಿಂಗಳನ್ನು ನಾನು ಬೇಗ ಹೇಳಿಬಿಡುತ್ತೇನೆ. ಎಲಾದಿಯೊ ಅವರ ಕಣ್ಣು ಪೂರ್ತಿ ಹೋಗಿ ಸೆಂಟರ್ ಮುಚ್ಚಿತ್ತು, ಟೈಪಿಂಗೂ ಇಲ್ಲ. ಡಾಕ್ಟ್ರಮ್ಮ ಮನೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಅರೆಪಾ ರೊಟ್ಟಿ ತಟ್ಟಿ ಅಕ್ಕಪಕ್ಕದವರಿಗೆ ಮಾರಿದರು. ಏಳು ಕಡೆ ಸಂದರ್ಶನಕ್ಕೆ ಹೋದರು. ಎಲ್ಲ ಕಡೆ ಕೊನೆಯ ಪ್ರಶ್ನೆ ಒಂದೇ, ಹಿಂದಿನ ಕೆಲಸ ಯಾಕೆ ಬಿಟ್ಟಿರಿ. ಎಲ್ಲ ಕಡೆ ಅವರು ನಡೆದದ್ದನ್ನು ಪೂರ್ತಿ ಹೇಳಿದರು. ನನಗೆ ತಡೆಯಲಾಗದೆ ಒಂದು ದಿನ ಫೋನಿನಲ್ಲಿ ಬೈದೇಬಿಟ್ಟೆ.

"ಮೂರು ತಿಂಗಳ ಕಾಂಟ್ರ್ಯಾಕ್ಟ್ ಇತ್ತು, ಮುಗೀತು ಅಂದ್ರೆ ಸಾಕಲ್ವಾ! ಯಾಕೆ ನೀವಾಗ್ನೀವೇ ಕೊರಳು ಕೊಡ್ತೀರಾ?"

"ಇಲ್ಲ ಯೊಕಾ. ಇದನ್ನ ಮುಚ್ಚಿಟ್ಟು ಕೆಲಸಕ್ಕೆ ಸೇರಿದ್ರೆ, ಮುಂದಿನ ಸಲ ಫೋನ್ ಎತ್ತಿದಾಗ ನನ್ ಕೈ ನಡುಗತ್ತೆ. ನಡುಗೋ ಕೈಲಿ ಎಮರ್ಜೆನ್ಸಿ ಮಾಡ್ಬಾರ್ದು."

ಎಂಟನೆಯದು ಮೋಕಾ. ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಚಿಕ್ಕ ಆಸ್ಪತ್ರೆ, ಒಂದೇ ಸ್ಕ್ಯಾನ್ ಮಶೀನು, ಅದೂ ಹಳೆಯದು. ಅಲ್ಲಿನ ಎಮರ್ಜೆನ್ಸಿ ಮುಖ್ಯಸ್ಥೆ, ಸಿಗರೇಟು ಸೇದಿ ಸೇದಿ ಗಂಟಲು ಒಡೆದ ಡಾಕ್ಟರ್ ಅಲ್ತಾಮಿರಾ, ಎಲ್ಲ ಕೇಳಿ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರಂತೆ.

"ಹಂಗಾದ್ರೆ ಈಗ ಹೇಗೆ ಹೇಳ್ತೀರಿ? ಅಓರೀತಾ ಬದ್ಲು ಏನಂತೀರಿ?"

"ಯಾವ ಪದಾನೂ ಅಲ್ಲ. ಎರಡೂ ಇಪ್ಪತ್ತರ ಒಳಗೆ ಹೊಟ್ಟೆ ತೆರೀಬೇಕು ಅಂತೀನಿ. ಗಡಿಯಾರಕ್ಕೆ ಎಲ್ಲಾ ದೇಶದಲ್ಲೂ ಒಂದೇ ಅರ್ಥ. ಆಮೇಲೆ ನಾನು ಹೇಳಿದ್ದನ್ನ ತಿರುಗಿ ಹೇಳಿಸ್ತೀನಿ. ಆಮೇಲೆ ಎದ್ದು ಹೋಗ್ತೀನಿ."

"ಎಲ್ಲಿಗೆ?"

"ಥಿಯೇಟರ್ ಬಾಗಿಲಿಗೆ. ಸ್ಟ್ರೆಚರ್ ಒಳಗೆ ಹೋಗೋ ತನಕ ಅಲ್ಲೇ ನಿಂತಿರ್ತೀನಿ."

"ಕುರ್ಚಿ ಬಿಟ್ಟು ಏಳೋ ರೇಡಿಯಾಲಜಿಸ್ಟ್‌ನ ನಾನು ಮೂವತ್ತು ವರ್ಷದಲ್ಲಿ ನೋಡಿಲ್ಲ," ಎಂದರಂತೆ ಅಲ್ತಾಮಿರಾ. "ಸರಿ. ಮೂರು ತಿಂಗಳು ನೋಡೋಣ."

ಮತ್ತೆ ತೊಂಬತ್ತು ದಿನ. ಇವತ್ತಿಗೆ ನಲವತ್ತಾರು ಆಗಿದೆ. ಕ್ಯಾಲೆಂಡರಿನಲ್ಲಿ ಈಗ ಅವರು ಗೀಟು ಹಾಕುವುದಿಲ್ಲ, ನಾನು ಇಲ್ಲಿ ಕೂತು ಹಾಕುತ್ತಿದ್ದೇನೆ. ಮೊನ್ನೆ ಹೋಗಿದ್ದೆ. ಒಂದು ಮಗುವಿನ ತಲೆಯ ಸ್ಕ್ಯಾನ್ ಆಗಿತ್ತು. ಫೋನ್ ಮಾಡಿ ಗಂಟೆ ಹೇಳಿದರು, ತಿರುಗಿ ಹೇಳಿಸಿದರು, ಸ್ವೆಟರ್ ಎಳೆದುಕೊಂಡು ಎದ್ದು ಹೋಗಿ ಥಿಯೇಟರ್ ಬಾಗಿಲಲ್ಲಿ ನಿಂತರು. ಅಲ್ಲಿನ ನರ್ಸುಗಳು ಹಿಂದಿನಿಂದ 'ಕಾವಲುಗಾರ್ತಿ' ಎಂದು ಆಡಿಕೊಳ್ಳುತ್ತಾರೆ. ನಗು ಬರಲಿಲ್ಲ ನನಗೆ. ಬಾಗಿಲಲ್ಲಿ ನಿಂತಾಗ ಅವರ ಒಂದು ಕೈ ಸ್ವೆಟರಿನ ಜೇಬಿನೊಳಗೆ ಇತ್ತು, ಅದರಲ್ಲಿ ಏನಿದೆ ಎಂದು ನನಗೊಬ್ಬಳಿಗೇ ಗೊತ್ತು.

ವಾಪಸ್ ಬರುವಾಗ ಮೊಗಸಾಲೆಯ ಬೆಂಚಿನಲ್ಲಿ ಯಾರಿದ್ದರು ಹೇಳಿ? ರದಾಮೆಸ್, ಶ್ವಾಸಕೋಶದ ಚಿತ್ರ ತೆಗೆಸಲು. ಪಕ್ಕದಲ್ಲಿ ಮೀರ್ತಾ. ಸಾಂತಿಯಾಗೊದಲ್ಲಿ ಅವರ ಮನೆಯ ಸುತ್ತಮುತ್ತಲೇ ಮೂರು ಕಡೆ ಎಕ್ಸ್‌ರೇ ಇದೆ. ಅದನ್ನೆಲ್ಲ ದಾಟಿ, ಎರಡು ಬಸ್ ಬದಲಾಯಿಸಿ, ಗಂಡನನ್ನು ಮೋಕಾಕ್ಕೆ ಕರೆತಂದದ್ದು ಇದು ಎರಡನೆಯ ಸಲವಂತೆ. ಚಿತ್ರ ಓದಿ ಡಾಕ್ಟ್ರಮ್ಮ ಹೊರಗೆ ಬಂದು ಹೇಳುವಾಗ ಮೀರ್ತಾ ಗೋಡೆಯ ಕಡೆ ನೋಡುತ್ತಾಳೆ, ಆದರೆ ಒಂದಕ್ಷರವೂ ಬಿಡದೆ ಕೇಳಿಸಿಕೊಳ್ಳುತ್ತಾಳೆ. ಅವನ ಎಡ ಶ್ವಾಸಕೋಶದ ತಳದಲ್ಲಿ ಇನ್ನೂ ಒಂದು ಬಿಳಿ ಮೋಡ ಇದೆ, ಕರಗಿಲ್ಲ.

ನೀವು ಅವರನ್ನು ಪೇಪರಿನಲ್ಲಿ ಓದುವುದಿಲ್ಲ, ಯಾರೂ ಬರೆಯುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಹೋಗಿ. ಹಗಲು ಹೊತ್ತು ಮೋಕಾದ ಬಸ್ ಹತ್ತಿ, ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಹೋದರೆ ಎಡಗಡೆ ಎರಡನೆಯ ಕೋಣೆ. ಕೋಣೆಯಲ್ಲಿ ಇಲ್ಲದಿದ್ದರೆ ಥಿಯೇಟರ್ ಬಾಗಿಲ ಹತ್ತಿರ ನೋಡಿ, ಉಣ್ಣೆ ಸ್ವೆಟರ್ ಹಾಕಿಕೊಂಡು ನಿಂತಿರುತ್ತಾರೆ. ಯೊಕಾ ಕಳಿಸಿದಳು ಅನ್ನಿ. ಒಂದು ಕಾಫಿ ತಗೊಂಡು ಹೋಗಿ, ಸಕ್ಕರೆ ಎರಡು ಚಮಚ. ತೊಂಬತ್ತು ದಿನ ಮುಗಿಯುವುದರೊಳಗೆ ಹೋಗಿ, ಮುಂದೇನಾಗುತ್ತದೋ ಯಾರಿಗೆ ಗೊತ್ತು. ಯಾವಾಗ ಹೋಗುತ್ತೀರಿ ಎಂದು ನಾನು ಕೇಳಿದರೆ ದಯವಿಟ್ಟು ಆ ಪದ ಹೇಳಬೇಡಿ. ದಿನ ಹೇಳಿ, ಗಂಟೆ ಹೇಳಿ.